ಗ್ರಾಫಿಕ್ಸ್ ಕಾರ್ಡಿಗೆ ಮುಖ ಯಾವ ಕಡೆ?

ದೇವದುರ್ಗದ ಹನುಮಂತ ಪೇಪರ್ ಸುತ್ತಿದ್ದ ಗ್ರಾಫಿಕ್ಸ್ ಕಾರ್ಡನ್ನು ಬಿಚ್ಚಿ, ಮೂಗಿನ ಹತ್ತಿರ ಹಿಡಿದು ವಾಸನೆ ನೋಡಿದ.

ಕಂಪ್ಯೂಟರಿನ ಭಾಗಗಳನ್ನು ಕಣ್ಣಿಗೆ ಹಿಡಿದು ನೋಡುವವರನ್ನು ಕಂಡಿದ್ದೇನೆ. ಮೀಟರ್ ಹಚ್ಚಿ ನೋಡುವವರನ್ನೂ ಕಂಡಿದ್ದೇನೆ. ಮೂಸಿ ನೋಡಿದವನು ಇವನೊಬ್ಬನೇ. ಸುಟ್ಟ ವಾಸನೆ ಹುಡುಕುತ್ತಿದ್ದಾನೆ ಅಂದುಕೊಂಡೆ. ಒಳಗೊಳಗೇ ಸ್ವಲ್ಪ ಖುಷಿಯೂ ಆಯಿತು. ಸುಟ್ಟಿದ್ದರೆ ತಪ್ಪು ಅವನದೇ ಅಂತಾಯಿತಲ್ಲ? ಆ ಕಾರ್ಡು ಮಾರಿದವನು ಅವನು. ಅದನ್ನು ಅವನ ಮುಂದೆ ಹಿಡಿದು ಜಗಳ ತೆಗೆಯಲೆಂದೇ ನಾನು ಶುಕ್ರವಾರ ಕಾಲೇಜಿಗೆ ರಜೆ ಹಾಕಿ ಬಂದಿದ್ದೆ.

ಹನುಮಂತ ಇನ್ನೊಮ್ಮೆ ಮೂಸಿದ. ಆಮೇಲೆ ನಕ್ಕ.

“ಅಕ್ಕಾರ, ನಾ ಇದನ್ನ ಮಾರಿದಾಗ ಇದಕ್ಕ ಪೂಜಿ ಆಗಿದ್ದಿಲ್ರಿ.”

ಈ ಮಾತು ನಿಮಗೆ ತಿಳಿಯಬೇಕಾದರೆ ಅದರ ಹಿಂದಿನ ಮಂಗಳವಾರಕ್ಕೆ ಹೋಗಬೇಕು. ಎಲ್ಲವೂ ನನ್ನ ನೋಟ್‌ಬುಕ್ಕಿನಲ್ಲಿ ಇದೆ. (ಹೊಸ ಓದುಗರಿಗಾಗಿ: ನಾನು ರಾಯಚೂರಿನ ಒಂದು ಡಿಪ್ಲೊಮಾ ಕಾಲೇಜಿನಲ್ಲಿ ಕಂಪ್ಯೂಟರ್ ಲ್ಯಾಬ್ ನೋಡಿಕೊಳ್ಳುವವಳು. ಯಾವ ಯಂತ್ರ ಕೆಟ್ಟರೂ ವಾರ, ವೇಳೆ, ಮಾಡಿದ್ದೇನು, ಆದದ್ದೇನು ಎಂದು ನಾಲ್ಕು ಕಾಲಂ ಎಳೆದು ಬರೆದಿಡುತ್ತೇನೆ. ಹಳೆಯ ಓದುಗರು ಈ ಕಾಲಂಗಳ ಬಗ್ಗೆ ನನ್ನನ್ನು ಸಾಕಷ್ಟು ಕಾಡಿಸಿದ್ದಾರೆ.)

ಮಂಗಳವಾರ, ಸಂಜೆ ಆರು. ಮಾನ್ವಿಯಿಂದ ಶಶಿಕಲಾಳ ಫೋನ್.

ಶಶಿಕಲಾ ನಮ್ಮ ಕಾಲೇಜಿನಲ್ಲೇ ಸಿವಿಲ್ ಡಿಪ್ಲೊಮಾ ಓದಿದವಳು. ಈಗ ಮನೆಯಲ್ಲೇ ಕುಳಿತು, ಕಟ್ಟಬೇಕಾದ ಮನೆಗಳ ನಕ್ಷೆ ಬರೆಯುತ್ತಾಳೆ. ಬರೀ ಗೆರೆ ಎಳೆದು ಕೊಟ್ಟರೆ ಈಗ ಯಾರೂ ಒಪ್ಪುವುದಿಲ್ಲ. ಪಾಯ ತೋಡುವ ಮೊದಲೇ ಮನೆ ಹೇಗೆ ಕಾಣುತ್ತದೆ ಅಂತ ತೋರಿಸಬೇಕು. ಬಾಗಿಲು ದಾಟಿ, ಪಡಸಾಲೆಯಲ್ಲಿ ನಡೆದು, ಅಡುಗೆಮನೆ ಇಣುಕಿ ಹೊರಗೆ ಬಂದ ಹಾಗೆ ಒಂದು ತ್ರೀಡಿ ವಿಡಿಯೊ. ಅವಳ ಕಂಪ್ಯೂಟರಿಗೆ ಲಿನಕ್ಸ್ ಹಾಕಿಕೊಟ್ಟವಳು ನಾನು. ಈ ಕೆಲಸಕ್ಕೆ ಗ್ರಾಫಿಕ್ಸ್ ಕಾರ್ಡು ಬೇಕು ಅಂತ ಹೇಳಿದವಳೂ ನಾನೇ. ಹನುಮಂತ ದೇವದುರ್ಗದಲ್ಲಿ ವಿಡಿಯೊ ಗೇಮ್ ಅಂಗಡಿ ಮುಚ್ಚಿ ಮೊಬೈಲ್ ರಿಪೇರಿಗೆ ಇಳಿದಿದ್ದ. ಅವನಲ್ಲಿ ಉಳಿದಿದ್ದ ಒಂದು ಕಾರ್ಡು ಈ ಬೇಸಿಗೆಯಲ್ಲಿ ಶಶಿಕಲಾಳ ಮನೆ ಸೇರಿತು. ಅವನೇ ಮಾನ್ವಿಗೆ ಬಂದು ಕೂಡಿಸಿಕೊಟ್ಟು ಹೋಗಿದ್ದ.

“ಅಕ್ಕಾ, ಕಾರ್ಡ್ ತೋರ್ಸವಲ್ದು,” ಅಂದಳು. “ವಿಡಿಯೊ ಸಾಫ್ಟ್‌ವೇರಿನ ಲಿಸ್ಟಿನ್ಯಾಗ ಅದರ ಹೆಸರ ಇಲ್ಲ. ಹತ್ತು ಸಲ ಬಂದ್ ಮಾಡಿ ಚಾಲೂ ಮಾಡ್ದೆ.”

“ಸ್ಕ್ರೀನ್ ಬರಾಕತ್ತದಲ್ಲ?”

“ಅದು ಬರಾಕತ್ತದ. ಅದಕ್ಕ ಇಷ್ಟ ದಿನ ಗೊತ್ತಾಗಿಲ್ಲ ನೋಡು.”

ಬರಲೇಬೇಕು. ಸ್ಕ್ರೀನಿನ ತಂತಿಯನ್ನು ನಾನು ಕಾರ್ಡಿಗೆ ಕೊಡದೆ ಮದರ್‌ಬೋರ್ಡಿಗೆ ಕೊಟ್ಟಿದ್ದೆ. ಕಾರ್ಡಿಗೆ ವಿಡಿಯೊ ತಯಾರಿಸುವ ಕೆಲಸ ಮಾತ್ರ. ಹಾಗಾಗಿ ಕಾರ್ಡು ಕಾಣೆಯಾದರೂ ದಿನದ ಕೆಲಸ ಸಾಗುತ್ತಿರುತ್ತದೆ. ವಿಡಿಯೊ ಮಾಡಲು ಕುಳಿತ ದಿನವೇ ಗೊತ್ತಾಗುವುದು.

ಆ ವಿಡಿಯೊ ಯಾರಿಗೆ? ಮಾನ್ವಿಯ ಅಕ್ಕಿ ಗಿರಣಿಯ ಸಾಹುಕಾರರೊಬ್ಬರು ಹೊಸ ಮನೆ ಕಟ್ಟಿಸುತ್ತಿದ್ದಾರೆ. ಸೋಮವಾರ ಹನ್ನೊಂದು ಗಂಟೆಗೆ ನೋಡುತ್ತೇನೆ ಎಂದಿದ್ದರು. ಮನಸ್ಸಿಗೆ ಬಂದರೆ ಮನೆ ಶಶಿಕಲಾಳ ನಕ್ಷೆಯಂತೆ, ಅವಳ ಅಪ್ಪನ ಕೈಯಿಂದ. ಬರದಿದ್ದರೆ, ಅಥವಾ ವಿಡಿಯೊ ಆಗಿಲ್ಲವೆಂದರೆ, ಕೆಲಸ ರಾಯಚೂರಿನ ದೊಡ್ಡ ಆಫೀಸೊಂದಕ್ಕೆ.

ಅವಳ ಅಪ್ಪ ಯಲ್ಲಪ್ಪ ಗೌಂಡಿ. ಹಿರೇಕೊಟ್ನೆಕಲ್‌ನಿಂದ ಬಂದು ಮಾನ್ವಿಯಲ್ಲಿ ನೆಲೆ ನಿಂತವರು. ಮೂವತ್ತು ವರ್ಷದಿಂದ ಗೋಡೆ ಕಟ್ಟಿದ್ದಾರೆ, ಆದರೆ ಕೆಲಸ ಹಿಡಿದವರು ಯಾವಾಗಲೂ ಬೇರೆಯವರು. ಇವರು ಹೇಳಿದಲ್ಲಿ ಹೋಗಿ, ಹೇಳಿದಷ್ಟು ಎತ್ತರಕ್ಕೆ ಕಟ್ಟಿ ಬರುವವರು. ಪಾಯದಿಂದ ಮಾಳಿಗೆಯವರೆಗೆ ಒಂದು ಮನೆ ಇವರದೇ ಮಾತಿನಂತೆ ಏಳುವುದಾದರೆ ಅದು ಇದೇ ಮೊದಲು. ಅದೂ ಮಗಳು ಬರೆದ ಮನೆ.

ನಾನು ಲೆಕ್ಕ ಹಾಕಿದೆ. (ಹಾಕದೆ ಇರುತ್ತೇನೆಯೇ?) ಮೂವತ್ತು ಸೆಕೆಂಡಿನ ವಿಡಿಯೊ. ಸೆಕೆಂಡಿಗೆ ಇಪ್ಪತ್ನಾಲ್ಕು ಚಿತ್ರ. ಒಟ್ಟು ಏಳುನೂರ ಇಪ್ಪತ್ತು. ಕಾರ್ಡು ದುಡಿದರೆ ಒಂದು ಚಿತ್ರಕ್ಕೆ ಅರ್ಧ ನಿಮಿಷ, ಒಟ್ಟು ಆರು ತಾಸು. ಕಾರ್ಡಿಲ್ಲದೆ ಒಂದಕ್ಕೆ ಹದಿನೈದು ನಿಮಿಷ, ಒಟ್ಟು ನೂರ ಎಂಬತ್ತು ತಾಸು. ಆ ಸಂಜೆ ಆರರಿಂದ ಸೋಮವಾರ ಹನ್ನೊಂದರವರೆಗೆ ಇದ್ದದ್ದು ನೂರ ಮೂವತ್ತೇಳು ತಾಸು. (ನಡುವೆ ಒಮ್ಮೆಯೂ ಕರೆಂಟು ಹೋಗುವುದಿಲ್ಲ ಅಂತ ಹಿಡಿದು. ನಗಬೇಡಿ.)

ಚಿತ್ರದ ಗುಣಮಟ್ಟ ಇಳಿಸಿದರೆ ಬೇಗ ಆಗುತ್ತದಲ್ಲ? ಒಂದು ಚಿತ್ರ ಹಾಗೆ ಮಾಡಿಸಿ ನೋಡಿದೆವು. ಗೋಡೆಯ ತುಂಬ ಚುಕ್ಕಿ ಎದ್ದಿತು.

“ಇದನ್ನ ತೋರ್ಸಿದ್ರ ಸಾಹುಕಾರ್ರು, ಕಟ್ಟೂಕಿಂತ ಮೊದ್ಲ ಮನಿಗೆ ಗೆದ್ಲ ಹತ್ಯಾದಲ್ಲ ಅಂತಾರ ಅಕ್ಕಾ,” ಅಂದಳು ಶಶಿಕಲಾ. ನಗುತ್ತಲೇ ಅಂದಳು. ಆದರೆ ನಗು ಮುಗಿದ ಕೂಡಲೇ, ಸೋಮವಾರಕ್ಕೆ ಎಷ್ಟು ತಾಸು ಉಳಿದಿವೆ ಅಂತ ಮತ್ತೆ ಕೇಳಿದಳು.

ಈಗ ನನ್ನ ತಪ್ಪಿಗೆ ಬರುತ್ತೇನೆ.

ಅದರ ಹಿಂದಿನ ವಾರ ನಮ್ಮ ಲ್ಯಾಬಿನ ಒಂದು ಯಂತ್ರದಲ್ಲಿ ಇದೇ ತೊಂದರೆ ಬಂದಿತ್ತು. ಲಿನಕ್ಸ್ ತನ್ನನ್ನು ತಾನೇ ಅಪ್‌ಡೇಟ್ ಮಾಡಿಕೊಂಡಿತ್ತು, ಕಾರ್ಡಿನ ಡ್ರೈವರ್ ಹಳೆಯದೇ ಉಳಿದಿತ್ತು. ಡ್ರೈವರ್ ಅಂದರೆ ಕಾರ್ಡಿನ ಭಾಷೆಯನ್ನು ಯಂತ್ರಕ್ಕೆ ತಿಳಿಸುವ ದುಭಾಷಿ ಅನ್ನಿ. ಅದನ್ನು ಹೊಸದಾಗಿ ಹಾಕಿದೆ, ಸರಿಹೋಯಿತು. ಶಶಿಕಲಾಳ ಕಂಪ್ಯೂಟರಿಗೂ ಅದೇ ವಾರ ಅಪ್‌ಡೇಟ್ ಬಂದಿತ್ತು. ಇನ್ನೇನು ಬೇಕು? ರೋಗ ಗೊತ್ತಾಗಿದೆ, ಮದ್ದು ಕೈಯಲ್ಲಿದೆ. ರೋಗಿಯ ನಾಡಿ ಹಿಡಿಯುವ ಅಗತ್ಯವೇ ಕಾಣಲಿಲ್ಲ.

ಲಿನಕ್ಸಿನಲ್ಲಿ ಎಲ್‌ಎಸ್‌ಪಿಸಿಐ ಎಂಬ ಒಂದು ಕಮಾಂಡ್ ಇದೆ. ಅದು ಕೇಳುವುದು ಒಂದೇ ಮಾತು: ನಿನ್ನ ಬೋರ್ಡಿನ ಮೇಲೆ ಯಾರ್ಯಾರು ಕುಳಿತಿದ್ದಾರೆ? ತರಗತಿಯಲ್ಲಿ ಹಾಜರಿ ಕರೆದ ಹಾಗೆ. ಹಾಜರಿ ಪಟ್ಟಿಯಲ್ಲಿ ಕಾರ್ಡಿನ ಹೆಸರು ಇದ್ದರೆ ಡ್ರೈವರಿನ ಮಾತು. ಹೆಸರೇ ಇಲ್ಲವಾದರೆ ಡ್ರೈವರನ್ನು ನೂರು ಸಲ ಬದಲಿಸಿದರೂ ಉಪಯೋಗವಿಲ್ಲ. ನನ್ನ ಮಕ್ಕಳಿಗೆ ಮೊದಲ ದಿನವೇ ಕಲಿಸುತ್ತೇನೆ: ಮೊದಲು ಹಾಜರಿ, ಆಮೇಲೆ ಪಾಠ.

ನಾನು ಹಾಜರಿ ಕರೆಯಲಿಲ್ಲ.

ಮಂಗಳವಾರ ಫೋನಿನಲ್ಲೇ ಶಶಿಕಲಾಳ ಕೈಯಿಂದ ಆರು ಕಮಾಂಡ್ ಹೊಡೆಸಿದೆ. ಬುಧವಾರ ಒಂಬತ್ತು. ಹಳೆಯ ಡ್ರೈವರ್ ತೆಗೆಸಿದೆ, ಹೊಸದು ಹಾಕಿಸಿದೆ, ಅದಕ್ಕಿಂತ ಹಳೆಯದು ಹಾಕಿಸಿದೆ. ಪ್ರತಿ ಸಾಲಿನ ಕೊನೆಯಲ್ಲಿ ‘ಆಗಲಿಲ್ಲ’ ಅಂತ ಚೊಕ್ಕಟವಾಗಿ ಬರೆದೆ. ನನ್ನ ನೋಟ್‌ಬುಕ್ಕು ತುಂಬಿದಷ್ಟೂ ನಾನು ದೊಡ್ಡ ಕೆಲಸ ಮಾಡುತ್ತಿದ್ದೇನೆ ಅನ್ನಿಸುತ್ತಿತ್ತು. ಬರೆದಿಡುವ ಚಟದವರಿಗೆಲ್ಲ ಈ ಭ್ರಮೆ ಇರುತ್ತದೆಯೋ, ನನಗೊಬ್ಬಳಿಗೋ?

ಒಮ್ಮೆ ಮಾತ್ರ ಕೇಳಿದ್ದೆ: “ಕಾರ್ಡು ತನ್ನ ಜಾಗದಾಗ ಅದ ಏನು ನೋಡು.”

“ಕುಂತದ ಅಕ್ಕಾ. ಫ್ಯಾನ್ ಗರಗರ ತಿರಗಾಕತ್ತದ.”

ಫ್ಯಾನ್ ತಿರುಗುತ್ತಿದೆ ಅಂದರೆ ಕರೆಂಟು ಹೋಗುತ್ತಿದೆ. ಕರೆಂಟು ಹೋಗುತ್ತಿದೆ ಅಂದರೆ ಸರಿಯಾಗಿ ಕುಳಿತಿದೆ. ಹಾಗಂತ ಬರೆದು ಟಿಕ್ ಹಾಕಿದೆ. ಆ ಟಿಕ್ ಈಗಲೂ ಅಲ್ಲೇ ನನ್ನನ್ನು ನೋಡುತ್ತ ಇದೆ.

ಗುರುವಾರ ಲ್ಯಾಬ್ ಮುಗಿಸಿ ಬಸ್ ಹಿಡಿದು ಮಾನ್ವಿಗೆ ಹೋದೆ. ಶಶಿಕಲಾಳ ಕಂಪ್ಯೂಟರ್ ಇರುವುದು ಮುಂದಿನ ಕೋಣೆಯಲ್ಲಿ, ಕಿಟಕಿಯ ಕೆಳಗೆ. ಕ್ಯಾಬಿನೆಟ್ ನೆಲದ ಮೇಲೆ, ಎರಡು ಇಟ್ಟಿಗೆ ಜೋಡಿಸಿ ಕೂಡಿಸಿದ್ದು. (ಆ ಇಟ್ಟಿಗೆಗಳನ್ನೂ ಮಟ್ಟ ನೋಡಿಯೇ ಇಟ್ಟಿದ್ದಾರೆ, ಗೌಂಡಿಯ ಮನೆಯಲ್ಲವೇ?) ಅದರ ಪಕ್ಕದಲ್ಲೇ ಯಲ್ಲಪ್ಪ ಗೋಡೆಗೆ ಒರಗಿ ನೆಲದ ಮೇಲೆ ಕುಳಿತಿದ್ದರು. ಕೈಯಲ್ಲಿ ಚಹಾದ ಬಟ್ಟಲು. ಕುಡಿಯುತ್ತಿರಲಿಲ್ಲ.

ನಾನು ಒಂದೊಂದೇ ಕಮಾಂಡ್ ಹೊಡೆಯುತ್ತ, ಒಂದೊಂದನ್ನೂ ಬರೆಯುತ್ತ ಹೋದೆ. ನಡುವೆ ಯಲ್ಲಪ್ಪ ಕೆಮ್ಮಿದರು.

“ಮೇಡಮ್ಮಾರ, ಅದು...”

“ಒಂದ್ ನಿಮಿಷ ಕಾಕಾ,” ಅಂದೆ. ಆಗ ತೆರೆಯ ಮೇಲೆ ಏನೋ ಓಡುತ್ತಿತ್ತು.

ಸ್ವಲ್ಪ ಹೊತ್ತಿನ ಮೇಲೆ ಮತ್ತೆ, “ಅಲ್ರೀ, ಆ ಡಬ್ಬಿ...”

“ಹಾಂ ಕಾಕಾ, ನೋಡಾಕತ್ತೀನಿ, ಆಗ್ತದ.”

ಅವರು ಚಹಾದ ಬಟ್ಟಲು ಕೆಳಗಿಟ್ಟರು. ಏಳನೆಯ ಕಮಾಂಡಿಗೆ ನನ್ನ ಎಲ್ಲ ಡ್ರೈವರ್ ವಿದ್ಯೆ ಮುಗಿಯಿತು. ಆಗ, ಬೇರೇನೂ ಉಳಿದಿಲ್ಲವಲ್ಲ ಅಂತ, ಎಲ್‌ಎಸ್‌ಪಿಸಿಐ ಹೊಡೆದೆ. ಮೊದಲು ಕೇಳಬೇಕಾದ ಪ್ರಶ್ನೆಯನ್ನು ಇಪ್ಪತ್ಮೂರನೆಯದಾಗಿ ಕೇಳಿದೆ.

ಯಂತ್ರ ಒಂದು ಕ್ಷಣವೂ ತಡ ಮಾಡದೆ ಉತ್ತರ ಕೊಟ್ಟಿತು. ಗ್ರಾಫಿಕ್ಸ್ ಅಂತ ಇದ್ದದ್ದು ಒಂದೇ ಸಾಲು, ಪ್ರೊಸೆಸರಿನ ಒಳಗೆ ಹುಟ್ಟಿನಿಂದ ಬಂದದ್ದು. ಕಾರ್ಡಿನ ಹೆಸರಿಲ್ಲ. ಗೈರುಹಾಜರು.

ಜಾಗದಲ್ಲಿ ಕುಳಿತಿದೆ, ಫ್ಯಾನ್ ತಿರುಗುತ್ತಿದೆ, ಹಾಜರಿಯಲ್ಲಿ ಇಲ್ಲ. ಅಂದರೆ ಕಾರ್ಡು ಒಳಗೆ ಸತ್ತಿದೆ. ಹಳೆಯ ಕಾರ್ಡು, ಗೇಮ್ ಅಂಗಡಿಯಲ್ಲಿ ಹಗಲಿಡೀ ಕಾದದ್ದು. ಸಾಯುವ ಕಾಲಕ್ಕೆ ನಮಗೆ ಮಾರಿದ್ದಾನೆ! ಅಲ್ಲಿಂದಲೇ ಹನುಮಂತನಿಗೆ ಫೋನ್ ಹಚ್ಚಿದೆ. ಏನೇನು ಅಂದೆ ಅಂತ ಬರೆಯಲು ನಾಚಿಕೆಯಾಗುತ್ತದೆ. ‘ಗೊತ್ತಿದ್ದೂ ಸತ್ತ ಮಾಲು ಕೊಟ್ಟೀರಿ’ ಅನ್ನುವುದು ಅದರಲ್ಲಿ ಮೆತ್ತಗಿನ ಮಾತು.

ಅವನು ಎಲ್ಲ ಕೇಳಿಸಿಕೊಂಡು, “ತಗೊಂಡು ಬರ್ರಿ, ನೋಡೂಣು,” ಅಂದ. ಅಷ್ಟೇ.

ನೋಟ್‌ಬುಕ್ಕಿನ ಕೊನೆಯ ಕಾಲಂನಲ್ಲಿ ಬರೆದೆ: ‘ಕಾರಣ: ಹನುಮಂತ.’ ಪೆನ್ನಿನಲ್ಲಿ.

ಕಂಪ್ಯೂಟರಿನ ಕರೆಂಟು ಬಂದ್ ಮಾಡಿ ಕ್ಯಾಬಿನೆಟ್ ಬಿಚ್ಚಲು ಬಗ್ಗಿದೆ. ಬಲ್ಬಿನ ಬೆಳಕಿಗೆ ಯಲ್ಲಪ್ಪ ಅಡ್ಡವಾಗಿದ್ದರು.

“ಕಾಕಾ, ಚೂರು ಸರದು ಕುಂದ್ರತೀರೇನು?”

ಅವರು ಸರಿದು ಕುಳಿತರು. ನಾನು ಕಾರ್ಡು ಕಿತ್ತು, ಹಳೆಯ ಪೇಪರಿನಲ್ಲಿ ಸುತ್ತಿ ಬ್ಯಾಗಿಗೆ ಹಾಕಿದೆ. ತಿರುಗಿಸಿ ನೋಡಲೂ ಇಲ್ಲ. ಸತ್ತದ್ದು ಅಂತ ತೀರ್ಮಾನಿಸಿದ ಮೇಲೆ ನೋಡುವುದೇನು?

ಮರುದಿನ ಶಶಿಕಲಾಳನ್ನೂ ಕರೆದುಕೊಂಡು ದೇವದುರ್ಗಕ್ಕೆ ಹೋದೆ. ಬಸ್ಸಿನಲ್ಲಿ ಜಗಳದ ಮಾತುಗಳನ್ನು ಸಾಲಾಗಿ ಜೋಡಿಸಿಕೊಂಡೆ. ಅಂಗಡಿಯಲ್ಲಿ ಹನುಮಂತ ಮೊದಲು ನೀರು ಕೊಟ್ಟ. ನೀರು ಕುಡಿದ ಮೇಲೆ ಜಗಳ ಶುರುಮಾಡುವುದು ಎಷ್ಟು ಕಷ್ಟ! ಆಮೇಲೆ ಕಾರ್ಡು ತೆಗೆದುಕೊಂಡ. ಮೂಸಿದ. ನಕ್ಕ. ಪೂಜೆ ಆಗಿದ್ದಿಲ್ರಿ ಅಂದ.

“ಏನ್ ಪೂಜಿ?” ಅಂದೆ.

“ಊದಿನಕಡ್ಡಿ ವಾಸನಿ ಬರಾಕತ್ತದ ನೋಡ್ರಿ. ಇಲ್ಲಿ ನೋಡ್ರಿ, ಇಲ್ಲಿ.”

ಗ್ರಾಫಿಕ್ಸ್ ಕಾರ್ಡಿನ ಒಂದು ಅಂಚಿನಲ್ಲಿ ಬಂಗಾರದ ಬಣ್ಣದ ಸಣ್ಣ ಸಣ್ಣ ಹಲ್ಲುಗಳ ಸಾಲು ಇರುತ್ತದೆ. ಮದರ್‌ಬೋರ್ಡಿನ ಸೀಳಿನೊಳಗೆ ಹೋಗಿ ಕೂರುವುದು ಅದೇ. ಆ ಸಾಲಿನ ಬಹುಭಾಗದ ಮೇಲೆ ಬೂದು ಬಣ್ಣದ ಮೂರು ಗೆರೆಗಳು. ಒಣಗಿ, ಅಲ್ಲಲ್ಲಿ ಕೆರೆದು ಹೋಗಿ, ಆದರೂ ಮೂರೂ ಸ್ಪಷ್ಟ.

ವಿಭೂತಿ.

ಸಾಲಿನ ಒಂದು ತುದಿಯ ಕೆಲವು ಹಲ್ಲುಗಳು ಚೊಕ್ಕಟ ಇದ್ದವು. ಕರೆಂಟು ಹೋಗುವುದು ಅವುಗಳಿಂದ. ಉಳಿದವು ಯಂತ್ರದ ಜೊತೆ ಮಾತಾಡುವ ಹಲ್ಲುಗಳು. ಅವುಗಳ ಮೇಲೆ ಬೂದಿಯ ಪದರ. ಫ್ಯಾನ್ ತಿರುಗಿದ್ದೂ ನಿಜ, ಹಾಜರಿಯಲ್ಲಿ ಇಲ್ಲದ್ದೂ ನಿಜ.

ನಾನು ಶಶಿಕಲಾಳ ಮುಖ ನೋಡಿದೆ. ಅವಳು ಬಾಯಿಯ ಮೇಲೆ ಕೈ ಇಟ್ಟುಕೊಂಡಿದ್ದಳು.

“ನಮ್ಮಪ್ಪ,” ಅಂದಳು. “ಖಂಡೇ ಪೂಜಿ ದಿನ.”

ನಮ್ಮ ಕಡೆ ದಸರೆಯ ಖಂಡೇ ಪೂಜೆಗೆ, ಅಂದರೆ ಆಯುಧ ಪೂಜೆಗೆ, ದುಡಿಯುವ ಸಾಮಾನೆಲ್ಲ ತೊಳೆದು, ವಿಭೂತಿ ಕುಂಕುಮ ಹಚ್ಚಿ, ಆ ದಿನ ಅವಕ್ಕೆ ರಜೆ ಕೊಡುತ್ತೇವೆ. ಕುಡಗೋಲು, ಹೊಲಿಗೆ ಯಂತ್ರ, ಟ್ರ್ಯಾಕ್ಟರು, ಯಾವುದೂ ತಪ್ಪುವುದಿಲ್ಲ. ಆ ಪೂಜೆ ಆಗಿ ಎರಡು ವಾರವೂ ಕಳೆದಿರಲಿಲ್ಲ. ಶಶಿಕಲಾ ಬೆಳಿಗ್ಗೆ ಸ್ಕ್ರೀನಿಗೆ ಕುಂಕುಮ ಹಚ್ಚಿ, ಹೋಳಿಗೆ ಕಟ್ಟಿಕೊಂಡು ಹಿರೇಕೊಟ್ನೆಕಲ್‌ನ ಸೋದರತ್ತೆಯ ಮನೆಗೆ ಹೋಗಿದ್ದಳು. ಮನೆಯಲ್ಲಿ ಉಳಿದವರು ಅಪ್ಪ.

ಹನುಮಂತ ಗಲ್ಲಾಪೆಟ್ಟಿಗೆಯಿಂದ ಬೆರಳ ತುದಿಯಷ್ಟಾಗಿ ಸವೆದ ರಬ್ಬರ್ ತೆಗೆದ. ಪೆನ್ಸಿಲ್ ಗೀಟು ಅಳಿಸುವ ರಬ್ಬರ್. ಬಂಗಾರದ ಹಲ್ಲುಗಳನ್ನು ಮಗುವಿನ ಹಲ್ಲು ಉಜ್ಜಿದ ಹಾಗೆ ಮೆಲ್ಲಗೆ ಉಜ್ಜಿದ. ಒಣ ಬ್ರಷ್ ಆಡಿಸಿದ. ತನ್ನ ಕಂಪ್ಯೂಟರ್ ಬಿಚ್ಚಿ ಅದರಲ್ಲಿ ಕೂಡಿಸಿದ. ನನ್ನ ಪೆನ್‌ಡ್ರೈವಿನ ಲಿನಕ್ಸ್ ಚಾಲೂ ಮಾಡಿ ಎಲ್‌ಎಸ್‌ಪಿಸಿಐ ಹೊಡೆದೆ. (ಈ ಸಲ ಮೊದಲನೆಯದಾಗಿ.) ಎರಡನೆಯ ಸಾಲಿನಲ್ಲಿ ಕಾರ್ಡಿನ ಹೆಸರು, ನಂಬರು ಸಮೇತ.

“ಸತ್ತದ್ದು ಎದ್ದು ಕುಂತು ನೋಡ್ರಿ,” ಅಂದ ಹನುಮಂತ.

ನಾನು ತಪ್ಪಾಯಿತು ಅಂದೆ. ಸಾಕಾಗಲಿಲ್ಲ ಅನ್ನಿಸಿತು. ನೋಟ್‌ಬುಕ್ ತೆಗೆದು ಆ ಕೊನೆಯ ಕಾಲಂ ತೋರಿಸಿಬಿಟ್ಟೆ. ಯಾಕೆ ತೋರಿಸಿದೆನೋ! ಅವನು ತನ್ನ ಹೆಸರನ್ನು ಎರಡು ಸಲ ಓದಿದ.

“ಯವ್ವಾ! ಹೆಸರು ಹಾಕೇ ಬರದೀರಲ್ರಿ. ರಬ್ಬರ್ ಕೊಡ್ಲೇನು?”

“ಪೆನ್ನಿಲೆ ಬರದೀನಿ.”

“ಹಂಗಾರ ಇದ್ರಿಂದ ಹೋಗೂದಿಲ್ಲ ಬಿಡ್ರಿ,” ಅಂತ ರಬ್ಬರನ್ನು ಪೆಟ್ಟಿಗೆಗೆ ಹಾಕಿದ. ನಗುತ್ತಲೇ ಇದ್ದ. ಆದರೆ ನಾವು ಹೊರಡುವಾಗ ಎದ್ದು ಬಾಗಿಲ ತನಕ ಬರಲಿಲ್ಲ.

ಆ ಸಂಜೆ ಮಾನ್ವಿಯಲ್ಲಿ ಮದರ್‌ಬೋರ್ಡಿನ ಸೀಳನ್ನು ಒಣ ಬ್ರಷ್ಷಿನಿಂದ ಸ್ವಚ್ಛ ಮಾಡಿ ಕಾರ್ಡು ಕೂಡಿಸಿದೆವು. ಹಾಜರಿಯಲ್ಲಿ ಹೆಸರು ಬಂತು. ಶಶಿಕಲಾ ಚಪ್ಪಾಳೆ ತಟ್ಟುವ ಹೊತ್ತಿಗೆ ಸರಿಯಾಗಿ ಯಲ್ಲಪ್ಪ ಕವಿತಾಳದ ಕೆಲಸ ಮುಗಿಸಿ ಬಂದರು. ಮೊಣಕೈವರೆಗೆ ಸಿಮೆಂಟು. ಕೈಚೀಲದಿಂದ ಇಣುಕುತ್ತಿದ್ದ, ಗಾರೆ ಮೆತ್ತುವ ಕರಣಿ. ನಮ್ಮ ಮುಖ ನೋಡಿ ಬಾಗಿಲಲ್ಲೇ ನಿಂತರು.

“ಯಪ್ಪಾ, ಖಂಡೇ ಪೂಜಿ ದಿನ ಕಂಪ್ಯೂಟರ್ ಬಿಚ್ಚಿದ್ದೇನು?”

“ಬಿಚ್ಚಿದ್ದೆ.”

“ಎದಕ?”

“ಪೂಜಿಗೆ.”

“ನಾ ಸ್ಕ್ರೀನಿಗೆ ಕುಂಕುಮ ಹಚ್ಚೇ ಹೋಗಿದ್ನಲ್ಲ?”

“ಅದು ಬರೇ ತೋರಸೂದವ್ವಾ. ಹನುಮಂತ ಕೂಡಸಬೇಕಾರ ಹೇಳಿದ್ದ, ದುಡಿಯೂದೆಲ್ಲ ಈ ಒಳಗಿಂದು ಅಂತ. ದುಡಿಯೂದನ್ನ ಕತ್ತಲದಾಗ ಇಟ್ಟು, ತೋರಸೂದಕ್ಕ ಪೂಜಿ ಮಾಡಿದ್ರ ಹೆಂಗ?”



ಅವರು ಚೀಲ ಕೆಳಗಿಟ್ಟು ಕೂತರು. ಪೂಜೆಯ ದಿನ ಹಲಗೆಯ ಮೇಲೆ ಕರಣಿ, ರಸಮಟ್ಟ, ಗೋಡೆ ನೇರ ನೋಡುವ ಗುಂಡು ಸಾಲಾಗಿ ಇಟ್ಟರಂತೆ. ತನ್ನವೆಲ್ಲ ಇವೆ, ಮಗಳದು ಇಲ್ಲವಲ್ಲ ಅನ್ನಿಸಿತಂತೆ. ಹನುಮಂತ ಕೂಡಿಸುವಾಗ ಪಕ್ಕದಲ್ಲೇ ಕುಳಿತು ನೋಡಿದ್ದರು. ಒಂದು ಸ್ಕ್ರೂ, ಒಂದು ಚಿಲಕ. ಕೈಕೆಲಸದವರಿಗೆ ಅದೇನು ದೊಡ್ಡದು?

“ಆದ್ರ ಮುಖ ಯಾವ ಕಡಿ ಅಂತ ತಿಳೀಲಿಲ್ರಿ ಮೇಡಮ್ಮಾರ,” ಅಂದರು ನನ್ನ ಕಡೆ ತಿರುಗಿ. “ಕರಣಿಗೆ ಮುಖ ಅದ. ಕೊಡಲಿಗೆ ಮುಖ ಅದ. ಇದಕ್ಕ ಎಲ್ಲಿ? ತಿರುವಿ ತಿರುವಿ ನೋಡ್ದೆ. ಒಂದ್ ಕಡಿ ಬಂಗಾರದಂಥ ಹಲ್ಲು ಇದ್ವು. ಇಷ್ಟು ಚಂದ ಇರೂದು ಮುಖಾನೇ ಇರಬೇಕಂತ ಅಲ್ಲೇ ಮೂರು ಬಟ್ಟು ಎಳದೆ.”

“ಆಮ್ಯಾಲ?” ಅಂದಳು ಶಶಿಕಲಾ.

“ಹೆಂಗ ತೆಗದಿದ್ನೋ ಹಂಗ ಕೂಡಸಿದೆ. ಟಕ್ ಅಂತು. ಬರೋಬ್ಬರಿ ಕುಂತದ ಅನ್ಕೊಂಡೆ.”

“ನಿನ್ನಿ ಅಕ್ಕ ಬಂದಾಗ ಹೇಳಬಾರದಿತ್ತೇನು ಯಪ್ಪಾ?” ಶಶಿಕಲಾಳ ದನಿ ಏರಿತು. “ಪಾಪ, ಹನುಮಂತಗ ಫೋನಿನ್ಯಾಗ ಬಾಯಿಗೆ ಬಂದಂಗ ಅಂದ್ವಿ.”

ಯಲ್ಲಪ್ಪ ಕೈಗೆ ಅಂಟಿದ ಸಿಮೆಂಟನ್ನು ಉಗುರಿನಿಂದ ಕೆರೆಯುತ್ತ ಕುಳಿತರು.

“ಪೂಜಿ ಮಾಡಿದ್ರ ಕೆಡತದಂತ ಹೆಂಗ ತಿಳಕೊಳ್ಲಿ? ಮೂವತ್ತು ವರ್ಷ ಆತು ಕರಣಿಗೆ ಹಚ್ಚಾಕತ್ತು. ಒಂದಿನಾನೂ ಕೆಟ್ಟಿಲ್ಲ. ಆದ್ರೂ ಹೇಳೂಣಂತ ಎರಡ ಸಲ ಬಾಯಿ ತೆರದೆ. ಮೇಡಮ್ಮಾರು ಬರಕೋತ ಕುಂತಿದ್ರು. ಅಷ್ಟು ಬರಿಯೂ ಮಂದಿಗೆ ಗೊತ್ತಿಲ್ಲದ್ದು ನನಗೇನು ಗೊತ್ತಿರತದ ಅನ್ಕೊಂಡೆ.”

ಈ ಮಾತನ್ನು ಅವರು ಸಿಟ್ಟಿನಿಂದ ಹೇಳಲಿಲ್ಲ. ಹೇಳಿದ್ದರೆ ನನಗೆ ಎಷ್ಟೋ ಸುಲಭವಾಗುತ್ತಿತ್ತು.

ವಾರದಿಂದ ಇದನ್ನೇ ಯೋಚಿಸುತ್ತಿದ್ದೇನೆ. ಯಂತ್ರ ನನ್ನಿಂದ ಏನನ್ನೂ ಮುಚ್ಚಿಡಲಿಲ್ಲ. ಕೇಳಿದ ತಕ್ಷಣ, ನನಗೆ ಕಾರ್ಡು ಕಾಣುತ್ತಿಲ್ಲ ಅಂತ ನೆಟ್ಟಗೆ ಹೇಳಿತು. ಮನುಷ್ಯರೂ ಮುಚ್ಚಿಡಲಿಲ್ಲ. ಯಲ್ಲಪ್ಪನವರಿಗೆ ಗೊತ್ತಿತ್ತು, ಹೇಳಲು ತಯಾರಿದ್ದರು, ನನ್ನ ಮೊಣಕೈ ತಾಗುವಷ್ಟು ಹತ್ತಿರ ಕುಳಿತಿದ್ದರು. ನಾನು ಕಾರಣವನ್ನು ಹುಡುಕುತ್ತ ದೇವದುರ್ಗದವರೆಗೆ ಹೋದೆ. ಎದುರಿಗೆ ಇಲ್ಲದವನ ಹೆಸರನ್ನು ಬರೆಯುವುದು ಎಷ್ಟು ಸಲೀಸು ನೋಡಿ. ಪೆನ್ನು ತಾನಾಗಿ ಓಡುತ್ತದೆ.

ನಿಮ್ಮ ಮನೆಯಲ್ಲಿ ಮಿಕ್ಸರ್ ನಿಂತರೆ ಮೊದಲು ಯಾರನ್ನು ಕೇಳುತ್ತೀರಿ? ದಿನಾ ಅದರಲ್ಲಿ ಚಟ್ನಿ ರುಬ್ಬುವವರನ್ನೋ, ಕಂಪನಿಯ ಟೋಲ್ ಫ್ರೀ ನಂಬರನ್ನೋ? ಆಫೀಸಿನ ಪ್ರಿಂಟರ್ ಕಾಗದ ನುಂಗಿದರೆ ಇಂಜಿನಿಯರಿಗೆ ಹೇಳಿ ಕಳಿಸುತ್ತೇವೆ. ದಿನಾ ಅದರ ಧೂಳು ಒರೆಸುವ ಆಯಾ ಮೂಲೆಯಲ್ಲಿ ನಿಂತು ನೋಡುತ್ತಿರುತ್ತಾಳೆ. ಅವಳಿಗೆ ಗೊತ್ತಿರುತ್ತದೆಯೋ ಇಲ್ಲವೋ, ಅದು ಬೇರೆ ಮಾತು. ಗೊತ್ತಿರಬಹುದು ಅನ್ನುವ ಅನುಮಾನವೂ ನಮಗೆ ಬರುವುದಿಲ್ಲವಲ್ಲ, ಯಾಕೆ?

ಪೂಜೆ ಮಾಡಿದ್ದು ತಪ್ಪು ಅಂತ ನಗುವವರು ನಗಲಿ. ನನಗೆ ನಗು ಬರಲಿಲ್ಲ. ನನ್ನ ಲ್ಯಾಬಿನಲ್ಲಿ ಇಷ್ಟು ವರ್ಷ ಖಂಡೇ ಪೂಜೆ ಮಾಡಿದ್ದೇನೆ. ಪ್ರತಿ ಸ್ಕ್ರೀನಿಗೂ ಒಂದು ಕುಂಕುಮದ ಬೊಟ್ಟು, ಎಣಿಸಿ ಬರೆದಿಟ್ಟಿದ್ದೇನೆ. ಒಳಗೆ ದುಡಿಯುವುದು ಯಾವುದು ಅಂತ ಪಾಠ ಹೇಳುವ ನನಗೇ, ಅದಕ್ಕೂ ಒಂದು ಪಾಲು ಸಲ್ಲಬೇಕು ಅಂತ ಹೊಳೆದಿರಲಿಲ್ಲ.

ಶನಿವಾರ ಬೆಳಿಗ್ಗೆ ಎಂಟಕ್ಕೆ ಶಶಿಕಲಾ ವಿಡಿಯೊ ಮಾಡಲು ಹಚ್ಚಿದಳು. ಮಧ್ಯಾಹ್ನ ಎರಡೂವರೆಗೆ ಮುಗಿಯಿತು. (ಅರ್ಧ ತಾಸು ಕರೆಂಟಿನದು.)

ಸೋಮವಾರ ಸಾಹುಕಾರರು ಎರಡು ಸಲ ನೋಡಿದರಂತೆ. ಮೊದಲ ಸಲ ಸುಮ್ಮನೆ. ಎರಡನೆಯ ಸಲ ಮನೆಯ ಮುಂದಿನ ಕಟ್ಟೆ ಬಂದಾಗ ನಿಲ್ಲಿಸಿ ಅಂದರಂತೆ. ಮುಂದಿನದನ್ನು ಶಶಿಕಲಾ ಫೋನಿನಲ್ಲಿ ಇಬ್ಬರ ದನಿಯಲ್ಲೂ ಆಡಿ ತೋರಿಸಿದಳು.

“ಕಟ್ಟಿ ಇಷ್ಟು ಎತ್ತರ ಇದ್ರ ನಮ್ಮವ್ವ ಹೆಂಗ ಏರಿ ಕುಂದರಬೇಕು?”

ಶಶಿಕಲಾ ಮೌಸ್ ಹಿಡಿದು ತಡಬಡಿಸುತ್ತಿದ್ದಳು. ಹಿಂದೆ ನಿಂತಿದ್ದ ಯಲ್ಲಪ್ಪ ಬಾಯಿ ತೆರೆದರು.

“ಒಂದ್ ವರಸಿ ಇಟ್ಟಂಗಿ ಇಳಸ್ತೀನ್ರಿ ಸಾವ್ಕಾರ್ರ. ಕಾಲು ನೆಲಕ್ಕ ಮುಟ್ಟಬೇಕು ಅವ್ವಾರದು.”

ಸಾಹುಕಾರರು ಸ್ಕ್ರೀನ್ ಬಿಟ್ಟು ಅವರ ಕಡೆ ತಿರುಗಿದರಂತೆ. “ಹಂಗಾರ ಬರೂ ವಾರ ಬಂದು ಪಾಯಕ್ಕ ಗೆರಿ ಹೊಡೀರಿ,” ಅಂದರಂತೆ.

ನಾನು ಹನುಮಂತನಿಗೂ ಫೋನ್ ಮಾಡಿ ಈ ಸುದ್ದಿ ಹೇಳಿದೆ. “ಚಲೋ ಆತು ಬಿಡ್ರಿ,” ಅಂದ. ನೋಟ್‌ಬುಕ್ಕಿನಲ್ಲಿ ಅವನ ಹೆಸರಿನ ಮೇಲೆ ಗೀಟು ಎಳೆದಿದ್ದೇನೆ ಅಂತಲೂ ಹೇಳಿದೆ. “ಕೆಳಗ ಓದಾಕ ಬರ್ತದೇನು ಇನ್ನೂ?” ಅಂದ. ಬರುತ್ತದೆ. ಸುಳ್ಳು ಹೇಳಲಿಲ್ಲ.

ಶುಕ್ರವಾರ ಮಾನ್ವಿಯಿಂದ ಹೊರಡುವಾಗ ಯಲ್ಲಪ್ಪ ಕೇಳಿದ್ದರು, “ಹಂಗಾರ ಮುಂದಿನ ವರ್ಷ ಎಲ್ಲಿ ಹಚ್ಚೂದ್ರಿ?” ನಾನು ಅವರನ್ನು ಕ್ಯಾಬಿನೆಟ್ಟಿನ ಹಿಂಬದಿಗೆ ಕರೆದುಕೊಂಡು ಹೋಗಿ, ಹೊರಗೆ ಕಾಣುವ ಕಾರ್ಡಿನ ತಗಡಿನ ಪಟ್ಟಿ ತೋರಿಸಿದೆ. ಬಿಚ್ಚುವುದೇ ಬೇಡ, ಇಲ್ಲಿ ಹಚ್ಚಿದರೆ ಯಾರಿಗೂ ತೊಂದರೆಯಿಲ್ಲ. ಅವರು ಬಗ್ಗಿ ನೋಡಿದರು. “ಹೊರಗ ನೋಡೂದಂದ್ರ ಇದ ಮುಖ. ಬೆನ್ನ ಕಡಿ ಮುಖ ಇಟ್ಟಾರಲ್ರಿ!” ಅಂದು ನಕ್ಕರು. ಆ ವಾರದಲ್ಲಿ ಅವರು ನಕ್ಕದ್ದನ್ನು ನಾನು ನೋಡಿದ್ದು ಅದೊಂದೇ ಸಲ.

ರಾಯಚೂರಿಗೆ ಬಂದು, ಎಂದಿನಂತೆ ವಾರದ ಲೆಕ್ಕ ಕೂಡಿಸಿದೆ. ಮಂಗಳವಾರ ಆರು, ಬುಧವಾರ ಒಂಬತ್ತು, ಗುರುವಾರ ಎಂಟು. ಯಂತ್ರಕ್ಕೆ ಕೇಳಿದ ಪ್ರಶ್ನೆಗಳು ಒಟ್ಟು ಇಪ್ಪತ್ಮೂರು.

ಯಲ್ಲಪ್ಪನವರಿಗೆ ಕೇಳಿದ್ದು ಒಂದೇ: “ಕಾಕಾ, ಚೂರು ಸರದು ಕುಂದ್ರತೀರೇನು?”